ಹುಬ್ಬಳ್ಳಿಯಿಂದ ಮಂಗಳೂರಿಗೆ ವಿಮಾನದಲ್ಲಿ ನಿಜಕ್ಕೂ ಎಷ್ಟು ಹೊತ್ತು?

ಪ್ರಶ್ನೆ: ನಾನು ಹುಬ್ಬಳ್ಳಿಯವನು. ಎಪ್ಪತ್ತು ದಾಟಿದ ತಂದೆಯವರನ್ನು ಚಿಕಿತ್ಸೆಗೆಂದು ಮಂಗಳೂರಿಗೆ ಕರೆದೊಯ್ಯಬೇಕಿದೆ. ಏಳೆಂಟು ಗಂಟೆ ಕಾರಿನಲ್ಲಿ ಕೂರುವುದು ಅವರಿಗೆ ಕಷ್ಟ. ವಿಮಾನವಾದರೆ ಹೇಗೆ ಎಂದು ಅಂತರ್ಜಾಲದಲ್ಲಿ ಹುಡುಕಿದೆ. ಒಂದು ತಾಣ ದೂರ 268 ಕಿ.ಮೀ., ಹಾರಾಟ 20 ನಿಮಿಷ ಎನ್ನುತ್ತದೆ. ಇನ್ನೊಂದು 144 ಮೈಲಿ, 50 ನಿಮಿಷ ಎನ್ನುತ್ತದೆ. ಟಿಕೆಟ್ ಮಾರುವ ತಾಣ ತೋರಿಸುವುದು ನಾಲ್ಕೂವರೆ ಗಂಟೆ. ಯಾವುದನ್ನು ನಂಬಲಿ?

ಉತ್ತರ: ಮೊದಲು ನಿಮಗೆ ಬೇಕಾದ ಅಂಕಿಗಳನ್ನೇ ಕೊಟ್ಟುಬಿಡುತ್ತೇನೆ. ಎರಡು ವಿಮಾನ ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 266 ಕಿ.ಮೀ. ರೆಕ್ಕೆಗಳಲ್ಲಿ ಎರಡು ಪಂಖಗಳಿರುವ ಎಟಿಆರ್ ಎಂಬ ಸಣ್ಣ ವಿಮಾನ ನೇರವಾಗಿ ಹೋದರೆ ಆಕಾಶದಲ್ಲಿರುವುದು 40ರಿಂದ 45 ನಿಮಿಷ. ಟಿಕೆಟ್ಟಿನ ಮೇಲೆ ಅದು ಹೆಚ್ಚುಕಡಿಮೆ ಒಂದು ಗಂಟೆ ಎಂದು ಅಚ್ಚಾಗುತ್ತದೆ. ನಿಮ್ಮ ಮನೆಯ ಬಾಗಿಲಿನಿಂದ ಆಸ್ಪತ್ರೆಯ ಬಾಗಿಲಿಗೆ ನಾಲ್ಕು ಗಂಟೆ ಹಿಡಿಯಿರಿ. ನೇರ ವಿಮಾನವಿಲ್ಲದೆ ಬೆಂಗಳೂರು ಸುತ್ತಿ ಹೋಗುವುದಾದರೆ ಅದೇ ಲೆಕ್ಕ ಏಳು ಗಂಟೆಯ ಹತ್ತಿರ ಬರುತ್ತದೆ. ಟಿಕೆಟ್ ತಾಣ ತೋರಿಸಿದ ನಾಲ್ಕೂವರೆ ಗಂಟೆ ಈ ಎರಡನೆಯ ದಾರಿಯದು.

ಉಳಿದ ಅಂಕಿಗಳು ಎಲ್ಲಿಂದ ಬಂದವು ಎಂದು ತಿಳಿದರೆ ಮುಂದೆ ಯಾವ ಎರಡು ಊರುಗಳ ಬಗ್ಗೆ ನೋಡಿದರೂ ನೀವೇ ಅಳೆದು ತೂಗಬಹುದು.

ದೂರದಿಂದ ಶುರು ಮಾಡೋಣ. ಹುಬ್ಬಳ್ಳಿ ನಿಲ್ದಾಣ ಇರುವುದು 15.36 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಮಂಗಳೂರಿನದು 12.96ರಲ್ಲಿ. ವ್ಯತ್ಯಾಸ 2.4 ಡಿಗ್ರಿ. ನಮ್ಮ ಸೀಮೆಯಲ್ಲಿ ಅಕ್ಷಾಂಶದ ಒಂದು ಡಿಗ್ರಿಗೆ 110.6 ಕಿ.ಮೀ., ಅಂದರೆ ತೆಂಕಣಕ್ಕೆ 265 ಕಿ.ಮೀ. ಚಿಲ್ಲರೆ. ರೇಖಾಂಶದ ವ್ಯತ್ಯಾಸ 0.195 ಡಿಗ್ರಿ ಮಾತ್ರ. ಇಲ್ಲಿ ರೇಖಾಂಶದ ಒಂದು ಡಿಗ್ರಿ ಸುಮಾರು 108 ಕಿ.ಮೀ. ಆಗುವುದರಿಂದ ಪಡುವಣಕ್ಕೆ ಸರಿಯುವುದು 21 ಕಿ.ಮೀ. ಇವೆರಡನ್ನು ಬಾಹುಗಳಾಗಿ ಇಟ್ಟು ಶಾಲೆಯಲ್ಲಿ ಕಲಿತ ಪೈಥಾಗರಸ್ ಪ್ರಮೇಯ ಹಚ್ಚಿದರೆ ಕರ್ಣ 266 ಬರುತ್ತದೆ. ಇಷ್ಟು ಸಣ್ಣ ದೂರಕ್ಕೆ ಭೂಮಿಯ ಬಾಗು ಲೆಕ್ಕಕ್ಕೆ ಬರುವುದಿಲ್ಲ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವವರಿಗೆ ಆ ಬಾಗೇ ಎಲ್ಲವೂ. ಅದಕ್ಕೇ ಆ ವಿಮಾನ ಉತ್ತರ ಧ್ರುವದ ಕಡೆಗೆ ಮುಖ ಮಾಡಬಲ್ಲದು. ನಮಗೆ ಅದರ ಗೊಡವೆ ಬೇಡ.

ಹಾಗಾದರೆ 268 ಎಲ್ಲಿಂದ ಬಂತು? ಕೆಲವು ತಾಣಗಳು ಭೂಮಿಯನ್ನು ಅಚ್ಚುಕಟ್ಟಾದ ಗೋಳವೆಂದು ಭಾವಿಸಿ ಎಲ್ಲೆಡೆಯೂ ಡಿಗ್ರಿಗೆ 111.2 ಕಿ.ಮೀ. ಹಿಡಿಯುತ್ತವೆ. ಭೂಮಿ ಧ್ರುವಗಳಲ್ಲಿ ಕೊಂಚ ಚಪ್ಪಟೆಯಾಗಿರುವುದನ್ನು ಗಣನೆಗೆ ತೆಗೆದುಕೊಂಡ ತಾಣಗಳು 266 ಎನ್ನುತ್ತವೆ. ಎರಡು ಕಿಲೋಮೀಟರಿಗೆ ತಲೆಕೆಡಿಸಿಕೊಳ್ಳಬೇಡಿ. 144 ಮೈಲಿ ಎಂಬುದು ಮಾತ್ರ ದಾರಿ ತಪ್ಪಿಸುವ ಅಂಕಿ. ಅದು ವೈಮಾನಿಕರೂ ನಾವಿಕರೂ ಬಳಸುವ ನಾಟಿಕಲ್ ಮೈಲಿ, ಒಂದಕ್ಕೆ 1.852 ಕಿ.ಮೀ. ರಸ್ತೆಯ ಮೈಲಿಯಲ್ಲಿ ಹೇಳಿದರೆ ಇದೇ ದೂರ 166. ಯಾವ ಮೈಲಿ ಎಂದು ಹೇಳದೆ ಬರೀ ಮೈಲಿ ಎಂದು ಬರೆಯುವ ತಾಣವನ್ನು ನಾನಂತೂ ಮುಂದಕ್ಕೆ ಓದುವುದಿಲ್ಲ.

ನಕ್ಷೆಯ ಮೇಲೆ ಈ ಗೆರೆಯನ್ನು ಎಳೆದು ನೋಡಿ, ಸೊಗಸಾಗಿದೆ. ಹುಬ್ಬಳ್ಳಿ ಬಿಟ್ಟು ಮುಂಡಗೋಡದ ಮಗ್ಗುಲಲ್ಲಿ ಹಾದು, ಹೆಚ್ಚುಕಡಿಮೆ ಬನವಾಸಿಯ ನೆತ್ತಿಯ ಮೇಲೆಯೇ ಹೋಗುತ್ತದೆ. ಸಾಗರ ಪಟ್ಟಣ ಎಡಕ್ಕೆ ನಾಲ್ಕೈದು ಕಿಲೋಮೀಟರಿನಲ್ಲಿ, ಬಲಕ್ಕೆ ಶರಾವತಿಯ ಹಿನ್ನೀರು. ಆಮೇಲೆ ಬಲಗಡೆ ಕೊಡಚಾದ್ರಿ. ಅಲ್ಲಿಂದ ಘಟ್ಟ ಇಳಿದು ಕಾರ್ಕಳ, ಮೂಡುಬಿದಿರೆಗಳನ್ನು ಎಡಕ್ಕೆ ಬಿಟ್ಟು, ಮಂಗಳೂರಿನ ನಿಲ್ದಾಣವಿರುವ ಬಜಪೆ. ದಿಕ್ಕು ಬಹುತೇಕ ನೇರ ದಕ್ಷಿಣ. ನೆಲದ ಮೇಲೆ ಹೀಗೆ ಹೋಗಲು ದಾರಿ ಇಲ್ಲ. ರಸ್ತೆ ಯಲ್ಲಾಪುರದ ಮೇಲೆ ಅರಬೈಲ್ ಘಟ್ಟ ಇಳಿದು ಅಂಕೋಲಾ ಮುಟ್ಟಬೇಕು, ಇಲ್ಲವೇ ಶಿರಸಿಯ ಮೇಲೆ ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟಬೇಕು, ಆಮೇಲೆ ಕರಾವಳಿಯುದ್ದಕ್ಕೂ ಹೆದ್ದಾರಿ 66. ಅದಕ್ಕೇ 266 ಎಂಬುದು ನೆಲದ ಮೇಲೆ 350 ಕಿ.ಮೀ. ದಾಟುತ್ತದೆ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ದಶಕಗಳಿಂದ ನನೆಗುದಿಗೆ ಬಿದ್ದಿರುವುದು ನಿಮಗೇ ಗೊತ್ತು.

ಈಗ ಹೊತ್ತಿನ ಲೆಕ್ಕ. 20 ನಿಮಿಷ ಎಂದ ತಾಣ ಮಾಡಿದ್ದು ಇಷ್ಟೇ: ದೂರವನ್ನು ಗಂಟೆಗೆ 500 ಮೈಲಿ, ಅಂದರೆ ಸುಮಾರು 800 ಕಿ.ಮೀ. ವೇಗದಿಂದ ಭಾಗಿಸಿತು. 50 ನಿಮಿಷ ಎಂದ ತಾಣ ಅದೇ 20ಕ್ಕೆ ಏರಲು ಇಳಿಯಲು ಎಂದು ಕಣ್ಣಂದಾಜಿನ 30 ನಿಮಿಷ ಸೇರಿಸಿತು. ಇಂಥ ತಾಣಗಳಲ್ಲಿ ರೂಢಿಯಲ್ಲಿರುವ ಸೂತ್ರ ಇದೇ. ದೆಹಲಿ–ಚೆನ್ನೈ ತರಹದ ದೂರಕ್ಕೆ ಅದು ಹೇಗೋ ಸರಿಹೋಗುತ್ತದೆ. ಗಿಡ್ಡ ದಾರಿಯಲ್ಲಿ ಕೈಕೊಡುತ್ತದೆ, ಏಕೆಂದರೆ ಗಿಡ್ಡ ದಾರಿಯಲ್ಲಿ ವಿಮಾನ ತನ್ನ ಪೂರ್ಣ ವೇಗದಲ್ಲಿ ಇರುವುದೇ ಅಪರೂಪ.

ಏರ್‌ಬಸ್ 320 ಮಾದರಿಯ ಜೆಟ್ ವಿಮಾನವನ್ನೇ ತೆಗೆದುಕೊಳ್ಳಿ. ಗಂಟೆಗೆ 830 ಕಿ.ಮೀ. ಎಂದು ಹೊಗಳುವ ವೇಗ ಅದಕ್ಕೆ ಸಿಗುವುದು ಮೂವತ್ತು ಸಾವಿರ ಅಡಿಯ ಮೇಲೆ. ಅಷ್ಟು ಎತ್ತರಕ್ಕೆ ಏರಲು ಸುಮಾರು 20 ನಿಮಿಷ ಬೇಕು. ಅಷ್ಟರಲ್ಲಿ 180 ಕಿ.ಮೀ. ಆಸುಪಾಸು ಕಳೆದಿರುತ್ತದೆ. ಇಳಿಯಲು ಪೈಲಟ್‌ಗಳ ಬಾಯಿಲೆಕ್ಕ ಒಂದಿದೆ: ಪ್ರತಿ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ. ಮೂವತ್ತು ಸಾವಿರಕ್ಕೆ 90 ನಾಟಿಕಲ್ ಮೈಲಿ, ಅಂದರೆ 167 ಕಿ.ಮೀ. ಏರುವುದೂ ಇಳಿಯುವುದೂ ಸೇರಿ 347 ಆಯಿತು. ನಮ್ಮ ದಾರಿ ಇರುವುದೇ 266! ಆದ್ದರಿಂದ ಜೆಟ್ ಅಷ್ಟು ಎತ್ತರಕ್ಕೆ ಹೋಗುವ ಮಾತೇ ಇಲ್ಲ. ನಡುವೆಯೇ ತಡೆದು, ಕೆಳಗಿನ ದಟ್ಟ ಗಾಳಿಯಲ್ಲಿ ಇಂಧನ ಸುಡುತ್ತಾ ಸಾಗಿ ಇಳಿಯಬೇಕು.

ಇಂಥ ಜಾಗಕ್ಕೆಂದೇ ಹುಟ್ಟಿದ್ದು ಎಟಿಆರ್ 72. ಫ್ರೆಂಚ್–ಇಟಾಲಿಯನ್ ಜಂಟಿ ಕಂಪನಿಯ ವಿಮಾನ, ನಮ್ಮಲ್ಲಿ 70ರಿಂದ 78 ಆಸನ, ಗರಿಷ್ಠ ವೇಗ ಗಂಟೆಗೆ ಸುಮಾರು 510 ಕಿ.ಮೀ. ಹದಿನೇಳು ಸಾವಿರ ಅಡಿ ಎತ್ತರದಲ್ಲಿ ಹಾರಲೆಂದು ಅದು ಹುಬ್ಬಳ್ಳಿಯಿಂದ ಹೊರಟಿತು ಎಂದುಕೊಳ್ಳಿ. ಹುಬ್ಬಳ್ಳಿ ನಿಲ್ದಾಣವೇ ಎರಡು ಸಾವಿರ ಅಡಿ ಎತ್ತರದಲ್ಲಿರುವುದರಿಂದ, ನಿಮಿಷಕ್ಕೆ ಸರಾಸರಿ ಸಾವಿರ ಅಡಿಯಂತೆ ಏರಲು 15 ನಿಮಿಷ, ಆ ಹೊತ್ತಿಗೆ 90 ಕಿ.ಮೀ. ಮುಗಿದು ಬನವಾಸಿ ಕಾಲಡಿಯಲ್ಲಿರುತ್ತದೆ. ಇಳಿಯಲು ಅದೇ ಮೂರರ ಮಗ್ಗಿ: 50 ನಾಟಿಕಲ್ ಮೈಲಿ, 93 ಕಿ.ಮೀ., 14 ನಿಮಿಷ. ಮಧ್ಯೆ ಸಮತಟ್ಟಾಗಿ ಹಾರಲು ಉಳಿಯುವುದು 80 ಕಿ.ಮೀ., ಹತ್ತೇ ನಿಮಿಷ. ಚಹಾ ಹಂಚಲು ಶುರು ಮಾಡಿದರೆ ಲೋಟ ವಾಪಸ್ ಪಡೆಯುವುದಕ್ಕೂ ಪುರುಸೊತ್ತಿಲ್ಲ. ಒಟ್ಟು 39 ನಿಮಿಷ.

ಇದಕ್ಕೆ ತಿರುವುಗಳನ್ನು ಸೇರಿಸಬೇಕು. ವಿಮಾನ ನಿಲ್ದಾಣದ ರನ್‌ವೇ ನಿಮ್ಮ ಊರಿನ ದಿಕ್ಕಿಗೆ ಮುಖ ಮಾಡಿರುವುದಿಲ್ಲ, ಗಾಳಿಯ ದಿಕ್ಕಿಗೂ ನೆಲದ ಅನುಕೂಲಕ್ಕೂ ತಕ್ಕಂತೆ ಇರುತ್ತದೆ. ಹುಬ್ಬಳ್ಳಿಯ ರನ್‌ವೇ ಮೂಡಣ–ಪಡುವಣವಾಗಿದೆ. ನೀವು ಹೋಗಬೇಕಾದದ್ದು ತೆಂಕಣಕ್ಕೆ. ಎತ್ತ ಹೊರಟರೂ ಮೇಲೇರಿದ ಮೇಲೆ ಒಂದು ಕಾಲು ಸುತ್ತು ತಿರುಗಲೇಬೇಕು. ಮಂಗಳೂರಿನದು ಇನ್ನೂ ಸ್ವಾರಸ್ಯ. ಅಲ್ಲಿನ ಮುಖ್ಯ ರನ್‌ವೇಗೆ ಒಂದು ತುದಿಯಿಂದ 06, ಇನ್ನೊಂದು ತುದಿಯಿಂದ 24 ಎಂದು ಹೆಸರು. ಆ ಅಂಕಿಗೆ ಸೊನ್ನೆ ಹಚ್ಚಿದರೆ ದಿಕ್ಸೂಚಿಯ ಡಿಗ್ರಿ. ಕಡಲಗಾಳಿ ಪಡುವಣದಿಂದ ಬೀಸುವಾಗ ಅದಕ್ಕೆ ಎದುರಾಗಿ ಇಳಿಯಬೇಕಾದ್ದರಿಂದ ವಿಮಾನ 24ರ ಕಡೆ, ಅಂದರೆ ಈಶಾನ್ಯದಿಂದ ನೈಋತ್ಯಕ್ಕೆ ಇಳಿಯುತ್ತದೆ. ಬಡಗಣದಿಂದ ಬಂದ ನಿಮ್ಮ ವಿಮಾನ ಮೊದಲು ಘಟ್ಟದ ಕಡೆಗೆ ಸರಿದು, ರನ್‌ವೇಯ ನೇರಕ್ಕೆ ಬಂದು, ಆಮೇಲೆ ಸಮುದ್ರದ ದಿಕ್ಕಿಗೆ ತಿರುಗುತ್ತದೆ. ಕಿಟಕಿಯಲ್ಲಿ ಕೂತವರಿಗೆ ಊರು ದಾಟಿ ಹೋಯಿತೇನೋ ಎನ್ನಿಸುವುದು ಆಗಲೇ. ಈ ಎಲ್ಲ ತಿರುವುಗಳಿಗೆ ನಾಲ್ಕೈದು ನಿಮಿಷ. ಹೀಗೆ ಬಂತು ನಾನು ಹೇಳಿದ 40–45.

ಟಿಕೆಟ್ಟಿನ ಮೇಲಿನ ಹೊತ್ತು ಹಾರಾಟದ ಹೊತ್ತಲ್ಲ. ನಮ್ಮ ವೃತ್ತಿಯಲ್ಲಿ ಅದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ: ಚಕ್ರದ ಅಡ್ಡಗಟ್ಟೆ ತೆಗೆದು ವಿಮಾನ ಅಲುಗಿದ ಕ್ಷಣದಿಂದ, ಅತ್ತ ಮತ್ತೆ ಅಡ್ಡಗಟ್ಟೆ ಇಡುವ ಕ್ಷಣದವರೆಗೆ. ಎಂಜಿನ್ ಚಾಲೂ ಮಾಡುವುದು, ರನ್‌ವೇ ತುದಿಗೆ ಉರುಳುವುದು, ಸರದಿ ಕಾಯುವುದು, ಇಳಿದ ಮೇಲೆ ನಿಲುಗಡೆಗೆ ಬರುವುದು ಎಲ್ಲವೂ ಇದರಲ್ಲಿ ಸೇರಿದೆ. ಸಣ್ಣ ನಿಲ್ದಾಣಗಳಲ್ಲಿ ಅನೇಕ ಕಡೆ ರನ್‌ವೇಗೆ ಸಮಾನಾಂತರವಾದ ಟ್ಯಾಕ್ಸಿ ದಾರಿ ಪೂರ್ತಿ ಉದ್ದಕ್ಕೆ ಇರುವುದಿಲ್ಲ. ವಿಮಾನ ರನ್‌ವೇಯ ಮೇಲೆಯೇ ಹಿಮ್ಮುಖ ದಿಕ್ಕಿನಲ್ಲಿ ತುದಿಯವರೆಗೆ ಹೋಗಿ, ಅಲ್ಲಿ ಗಿರಕಿ ಹೊಡೆದು, ಆಮೇಲೆ ಓಡಬೇಕು. ಆ ಹೊತ್ತಿಗೆ ಇನ್ನೊಂದು ವಿಮಾನ ಇಳಿಯಲು ಬಂದರೆ ಒಬ್ಬರು ಇನ್ನೊಬ್ಬರಿಗಾಗಿ ಕಾಯಲೇಬೇಕು. ಇದರ ಮೇಲೆ ಕಂಪನಿಗಳು ಒಂದಿಷ್ಟು ನಿಮಿಷ ಉಪ್ಪಿನಕಾಯಿಯಂತೆ ಪಕ್ಕದಲ್ಲಿ ಇಟ್ಟುಕೊಂಡಿರುತ್ತವೆ, ಹೊತ್ತಿಗೆ ಸರಿಯಾಗಿ ತಲುಪಿದೆವು ಎಂದು ಹೇಳಿಕೊಳ್ಳುವುದಕ್ಕೆ. ನಿಗದಿತ ಸಮಯದಿಂದ 15 ನಿಮಿಷದೊಳಗಿದ್ದರೆ ಅದು ಸಕಾಲವೆಂದೇ ಲೆಕ್ಕ. ನನ್ನ ಕಣ್ಣಿಗೆ ಇದು ಮೋಸವಲ್ಲ. ಪ್ರಯಾಣಿಕನಿಗೆ ಉಪಯೋಗಕ್ಕೆ ಬರುವ ಅಂಕಿ ಇದೊಂದೇ.

ದೂರಕ್ಕೂ ಹೊತ್ತಿಗೂ ಎಷ್ಟು ಸಡಿಲ ಸಂಬಂಧ ಎಂದು ನೋಡಬೇಕಾದರೆ ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಿಗೆ ಹೋಗಬೇಕು. ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ಎಂಬ ಎರಡು ದ್ವೀಪಗಳ ನಡುವೆ ಲೋಗನ್ಏರ್ ಕಂಪನಿಯ ನಿಗದಿತ ವಿಮಾನ ಹಾರುತ್ತದೆ. ದೂರ 2.7 ಕಿ.ಮೀ., ಹಾರಾಟ ಎರಡು ನಿಮಿಷದೊಳಗೆ. ಗಾಳಿ ಒಲಿದ ದಿನ ಒಂದು ನಿಮಿಷಕ್ಕಿಂತ ಕಡಿಮೆ ಆದದ್ದೂ ಉಂಟು. ಎರಡು ನಿಮಿಷಕ್ಕೆ ಲೆಕ್ಕ ಹಾಕಿದರೂ ಗಂಟೆಗೆ ಎಂಬತ್ತು ಕಿಲೋಮೀಟರ್ ಆಯಿತು, ನಮ್ಮ ರಾಜಹಂಸ ಬಸ್ಸಿನ ವೇಗ.

ಗಾಳಿಯ ಮಾತು ಬಂತು. ನಿಮ್ಮ ನೇರ ದಾರಿ ಉತ್ತರ–ದಕ್ಷಿಣವಾದ್ದರಿಂದ ಪಡುವಣ ಗಾಳಿ ಅಡ್ಡ ಬಡಿಯುತ್ತದೆಯೇ ಹೊರತು ವೇಗವನ್ನು ಹೆಚ್ಚು ಕುಗ್ಗಿಸುವುದಿಲ್ಲ. ಬೆಂಗಳೂರು–ಮಂಗಳೂರು ಹಾಗಲ್ಲ. ಗಂಟೆಗೆ 50 ಕಿ.ಮೀ. ಎದುರುಗಾಳಿ ಇದ್ದ ದಿನ ಎಟಿಆರ್‌ಗೆ ಆ 306 ಕಿ.ಮೀ. ದಾರಿಯಲ್ಲಿ ನಾಲ್ಕು ನಿಮಿಷ ಹೆಚ್ಚು ಬೇಕು. ಮರಳುವಾಗ ಅದಕ್ಕಿಂತ ಕೊಂಚ ಕಡಿಮೆ ಉಳಿತಾಯ. ಹೋಗುವ ಮತ್ತು ಬರುವ ಟಿಕೆಟ್ಟಿನಲ್ಲಿ ಐದು ನಿಮಿಷ ವ್ಯತ್ಯಾಸ ಕಂಡರೆ ಅಚ್ಚಿನ ತಪ್ಪು ಎಂದುಕೊಳ್ಳಬೇಡಿ.

ಮಳೆಗಾಲದಲ್ಲಿ ಹೆದರಬೇಕಾದದ್ದು ಗಾಳಿಗಲ್ಲ, ಮೋಡಕ್ಕೆ. ಮಂಗಳೂರಿನ ನಿಲ್ದಾಣ ಗುಡ್ಡವೊಂದರ ನೆತ್ತಿಯನ್ನು ಸಮ ಮಾಡಿ ಕಟ್ಟಿದ ಟೇಬಲ್‌ಟಾಪ್. ರನ್‌ವೇ 2,450 ಮೀಟರ್, ಅದರಾಚೆಗೆ ಇಳಿಜಾರು. 2010ರ ಮೇ 22ರ ವಿಮಾನ ದುರಂತವನ್ನು ಕರಾವಳಿ ಮರೆತಿಲ್ಲ. 158 ಜನ ತೀರಿಕೊಂಡರು. ಹೀಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕೆಳಗಿಳಿದು ರನ್‌ವೇ ಕಾಣದೆ ಹೋದರೆ ಅಲ್ಲಿ ಯಾರೂ ಸಾಹಸ ಮಾಡುವುದಿಲ್ಲ, ಮಾಡಲೂ ಕೂಡದು. ವಿಮಾನ ಮೇಲೆಯೇ ಸುತ್ತುತ್ತದೆ. ಒಂದು ಸುತ್ತಿಗೆ ಸಾಮಾನ್ಯವಾಗಿ ನಾಲ್ಕು ನಿಮಿಷ. ಐದಾರು ಸುತ್ತಾದ ಮೇಲೂ ಮೋಡ ಸರಿಯದಿದ್ದರೆ ಬೆಂಗಳೂರಿನಂಥ ಬದಲಿ ನಿಲ್ದಾಣಕ್ಕೆ ತಿರುಗುತ್ತದೆ. ಅದಕ್ಕೆ ಬೇಕಾದ ಇಂಧನವನ್ನು ಹೊರಡುವಾಗಲೇ ತುಂಬಿಸಿರುತ್ತಾರೆ. ಆಗ ನಿಮ್ಮ 45 ನಿಮಿಷ ಅರ್ಧ ದಿನವಾಗುತ್ತದೆ. ವೈದ್ಯರ ಭೇಟಿ ಜುಲೈ ತಿಂಗಳಿನದಾದರೆ ಹಿಂದಿನ ದಿನವೇ ತಲುಪುವ ಹಾಗೆ ನೋಡಿಕೊಳ್ಳಿ.

ಈಗ ಟಿಕೆಟ್ ತಾಣದ ನಾಲ್ಕೂವರೆ ಗಂಟೆ. ದೂರ ಹೇಳುವ ತಾಣಗಳಿಗೆ ವಿಮಾನ ಇದೆಯೋ ಇಲ್ಲವೋ ಎಂಬ ಪರಿವೆ ಇಲ್ಲ. ಎರಡು ಚುಕ್ಕಿ ಕೊಟ್ಟರೆ ಗೆರೆ ಎಳೆಯುತ್ತವೆ. ನೀವು ನೋಡಿದ ದಿನಾಂಕಕ್ಕೆ ನೇರ ವಿಮಾನ ಸಿಕ್ಕಿಲ್ಲ, ಆದ್ದರಿಂದ ಟಿಕೆಟ್ ತಾಣ ನಿಮ್ಮನ್ನು ಬೆಂಗಳೂರಿಗೆ ಕಳಿಸಿದೆ. ಹುಬ್ಬಳ್ಳಿ–ಬೆಂಗಳೂರು ನೇರ ದೂರ 370 ಕಿ.ಮೀ., ಬೆಂಗಳೂರು–ಮಂಗಳೂರು 306. ಒಟ್ಟು 676, ನಿಮ್ಮ ನಿಜವಾದ ದೂರದ ಎರಡೂವರೆ ಪಟ್ಟು. ಮೊದಲ ವಿಮಾನ ಒಂದು ಗಂಟೆ ಹತ್ತು ನಿಮಿಷ, ಎರಡನೆಯದು ಒಂದು ಗಂಟೆ ಐದು ನಿಮಿಷ, ನಡುವೆ ಎರಡು ಗಂಟೆ ಚಿಲ್ಲರೆ ಬೆಂಗಳೂರಿನ ಕುರ್ಚಿಯಲ್ಲಿ.

ಪ್ರಾದೇಶಿಕ ದಾರಿಗಳಲ್ಲಿ ನೇರ ವಿಮಾನ ಒಂದು ವರ್ಷ ಇದ್ದು ಮರುವರ್ಷ ಮಾಯವಾಗುವುದಕ್ಕೆ ಕಾರಣಗಳಿವೆ. 266 ಕಿ.ಮೀ. ಎಂಬುದು ವಿಮಾನದ ಪಾಲಿಗೆ ಇಕ್ಕಟ್ಟಿನ ದೂರ. ಮೇಲೇರುವಾಗಲೇ ಹೆಚ್ಚು ಇಂಧನ ಸುಡುತ್ತದೆ, ಆಮೇಲೆ ಅಗ್ಗವಾಗಿ ತೇಲುವ ಹೊತ್ತು ಸಿಗುವುದೇ ಇಲ್ಲ. ಒಂದು ತಾಸು ಹಾರಿದರೆ ಅರ್ಧ ತಾಸು ನೆಲದ ಮೇಲೆ ನಿಲ್ಲಬೇಕು. 70 ಸೀಟು ತುಂಬಲಿ, 20 ತುಂಬಲಿ, ಖರ್ಚು ಬಹುಪಾಲು ಅದೇ. ಕೇಂದ್ರ ಸರ್ಕಾರದ ಉಡಾನ್ ಯೋಜನೆ ಇದಕ್ಕೇ ಬಂದದ್ದು. ಅದರಡಿಯ ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಹಾರಿತು. ಸುಮಾರು ಒಂದು ಗಂಟೆಯ ಹಾರಾಟಕ್ಕೆ ಅರ್ಧದಷ್ಟು ಸೀಟುಗಳ ದರವನ್ನು 2,500 ರೂಪಾಯಿಗೆ ಕಟ್ಟಿಹಾಕಿ, ಕಂಪನಿಗೆ ಆಗುವ ನಷ್ಟದ ಅಂತರವನ್ನು ಮೂರು ವರ್ಷ ತುಂಬಿಕೊಡುವುದು ಅದರ ಮೂಲ ಕಟ್ಟುಪಾಡು. ಮೂರು ವರ್ಷ ಮುಗಿದ ಮೇಲೆ ಜನ ತುಂಬದ ದಾರಿಗಳು ಒಣಗುತ್ತವೆ. ನನಗೆ ಇದರಲ್ಲಿ ಅಚ್ಚರಿ ಇಲ್ಲ, ಬೇಸರವಂತೂ ಇದೆ. ಬೆಂಗಳೂರನ್ನು ಮುಟ್ಟದೆ ರಾಜ್ಯದ ಎರಡು ಊರುಗಳ ನಡುವೆ ಹಾರುವ ವಿಮಾನಕ್ಕೆ ನಮ್ಮಲ್ಲಿ ಇನ್ನೂ ಗಟ್ಟಿ ನೆಲೆ ಸಿಕ್ಕಿಲ್ಲ.

ವೇಳಾಪಟ್ಟಿ ವರ್ಷಕ್ಕೆ ಎರಡು ಬಾರಿ, ಮಾರ್ಚ್ ಮತ್ತು ಅಕ್ಟೋಬರ್ ತಿಂಗಳುಗಳ ಕೊನೆಯ ಭಾನುವಾರ, ಬದಲಾಗುತ್ತದೆ. ಹೊಸ ದಾರಿ ಸೇರುವುದೂ ಹಳೆಯದು ಬಿಡುವುದೂ ಹೆಚ್ಚಾಗಿ ಆಗಲೇ. ಚಿಕಿತ್ಸೆಯ ದಿನಾಂಕ ಆ ಗಡಿಯ ಆಚೆಗಿದ್ದರೆ ಈಗ ಕಂಡದ್ದನ್ನೇ ನೆಚ್ಚಿಕೊಳ್ಳಬೇಡಿ. ನೇರ ವಿಮಾನ ವಾರದಲ್ಲಿ ಕೆಲವೇ ದಿನ ಇರುವುದೂ ಉಂಟು, ಹಿಂದುಮುಂದಿನ ದಿನಗಳನ್ನೂ ತೆರೆದು ನೋಡಿ.

ಇನ್ನು ನಿಮ್ಮ ತಂದೆಯವರ ವಿಷಯ. ನೇರ ವಿಮಾನ ಸಿಕ್ಕರೆ ಯೋಚನೆಯೇ ಬೇಡ, ಹತ್ತಿಬಿಡಿ. ಎಟಿಆರ್‌ಗೆ ಏರೋಬ್ರಿಡ್ಜ್ (ನಿಲ್ದಾಣದಿಂದ ವಿಮಾನದ ಬಾಗಿಲಿಗೇ ನಡೆದುಹೋಗುವ ಮುಚ್ಚಿದ ಸೇತುವೆ) ಇರುವುದಿಲ್ಲ, ಹಿಂಬದಿಯ ಬಾಗಿಲಿನಿಂದ ಹತ್ತಬೇಕು. ಬಾಗಿಲು ನೆಲಕ್ಕೆ ಸಮೀಪವಿರುವುದರಿಂದ ಮೆಟ್ಟಿಲು ಐದಾರೇ. ಅದೂ ಕಷ್ಟವಾದರೆ ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಕೇಳಿ, ಕನಿಷ್ಠ 48 ಗಂಟೆ ಮೊದಲು ಖಚಿತ ಮಾಡಿಕೊಳ್ಳಿ. ರೆಕ್ಕೆ ಮೇಲುಗಡೆ ಇರುವ ವಿಮಾನವಾದ್ದರಿಂದ ಕಿಟಕಿಯ ನೋಟಕ್ಕೆ ಅಡ್ಡಿಯಿಲ್ಲ. ಹೋಗುವಾಗ ಬಲಗಡೆಯ ಸೀಟು ಆರಿಸಿಕೊಟ್ಟರೆ ಅವರಿಗೆ ಶರಾವತಿ ಹಿನ್ನೀರೂ ಕೊಡಚಾದ್ರಿಯೂ ಸಿಗುತ್ತವೆ.

ಬೆಂಗಳೂರು ಸುತ್ತುವುದೇ ಗತಿಯಾದರೆ, ಆರೋಗ್ಯವಂತರಿಗೆ ನಾನು ಕೊಡುವ ಸಲಹೆ ರಾತ್ರಿ ಬಸ್ಸು. ಹೊತ್ತು ಇಲ್ಲೂ ಅಲ್ಲೂ ಹೆಚ್ಚುಕಡಿಮೆ ಒಂದೇ, ಬಸ್ಸಿನಲ್ಲಿ ನಿದ್ದೆಯಾದರೂ ಆಗುತ್ತದೆ. ನಿಮ್ಮ ತಂದೆಯವರಿಗೆ ಹಾಗೆ ಹೇಳಲಾರೆ. ಅವರ ತೊಂದರೆ ಒಂದೇ ಸಮನೆ ಕೂರುವುದಾದರೆ ವಿಮಾನದ ಏಳು ಗಂಟೆ ನಡುನಡುವೆ ಎದ್ದು, ಗಾಲಿಕುರ್ಚಿಯಲ್ಲಿ ಸಾಗಿ, ಕಾಲು ಚಾಚಿ ಕಳೆಯುವಂಥದ್ದು. ಘಟ್ಟದ ತಿರುವುಗಳಿಗಿಂತ ಅದೇ ವಾಸಿ. ಹತ್ತಿ ಇಳಿಯುವುದೇ ತೊಂದರೆಯಾದರೆ ಕಾರಿನಲ್ಲಿ ಹೊರಟು ಶಿರಸಿಯಲ್ಲೋ ಕುಮಟಾದಲ್ಲೋ ಒಂದು ರಾತ್ರಿ ತಂಗಿ ಹೋಗಿ. ಉಸಿರಾಟದ ಅಥವಾ ಹೃದಯದ ಕಾಯಿಲೆ ಇದ್ದರೆ, ಇಲ್ಲವೇ ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆಗಿದ್ದರೆ, ವಿಮಾನ ಹತ್ತುವ ಮೊದಲು ವೈದ್ಯರ ಒಪ್ಪಿಗೆ ಪತ್ರ ಪಡೆಯಲೇಬೇಕು. ಜೆಟ್ ವಿಮಾನದ ಒಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿರುವಷ್ಟು ಇಳಿದಿರುತ್ತದೆ.

ಬೆಂಗಳೂರಿನ ಮೇಲೆ ಹೋಗುವಾಗ ಎರಡೂ ವಿಮಾನಗಳು ಒಂದೇ ಟಿಕೆಟ್ಟಿನಲ್ಲಿ, ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಮುನ್ನೂರು ರೂಪಾಯಿ ಉಳಿಯುತ್ತದೆಂದು ಬೇರೆ ಬೇರೆ ಕಂಪನಿಯ ಎರಡು ಟಿಕೆಟ್ ಮಾಡಿದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಯಾರೂ ಹೊಣೆ ಹೊರುವುದಿಲ್ಲ. ಸಾಮಾನನ್ನೂ ನೀವೇ ಇಳಿಸಿಕೊಂಡು ಮತ್ತೆ ಕೊಡಬೇಕು. ನಡುವಿನ ಬಿಡುವು ಒಂದೂವರೆ ಗಂಟೆಗಿಂತ ಕಡಿಮೆ ಬೇಡ, ಗಾಲಿಕುರ್ಚಿ ಬರುವುದು ಸ್ವಲ್ಪ ತಡವಾಗುತ್ತದೆ. ಡಿಸೆಂಬರ್–ಜನವರಿಯಲ್ಲಿ ಬೆಂಗಳೂರಿನ ಬೆಳಗಿನ ಮಂಜು ವಿಮಾನಗಳ ಸರದಿಯನ್ನೇ ಹಿಂದೆ ತಳ್ಳುತ್ತದೆ, ಆ ತಿಂಗಳುಗಳಲ್ಲಿ ಮಧ್ಯಾಹ್ನದ ಜೋಡಿಯನ್ನು ಹುಡುಕಿ. ಮಂಗಳೂರಿನಲ್ಲಿ ಇಳಿದ ಮೇಲೆ ನಗರಕ್ಕೆ ಹದಿಮೂರು ಕಿಲೋಮೀಟರ್ ಚಿಲ್ಲರೆ. ಸಂಜೆಯ ವಾಹನ ದಟ್ಟಣೆಯಲ್ಲಿ ಅದಕ್ಕೇ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಆಸ್ಪತ್ರೆ ಮಣಿಪಾಲದಲ್ಲಿದ್ದರೆ ಇನ್ನೂ ಒಂದೂಕಾಲು ಗಂಟೆಯ ರಸ್ತೆ ಇದೆ ಎಂಬುದನ್ನು ಮರೆಯಬೇಡಿ.